ಕೈಯಾಟದ ಯಂತ್ರಗಳೂ ಸಿಂಪ್ಯೂಟರೂ: ರಚನೆ ಮತ್ತು ಇತಿಹಾಸ

೧. ವಿಷಯಪ್ರವೇಶ

ಕರ್ನಾಟಕದ ಈಚಿನ ಇತಿಹಾಸದಲ್ಲಿ ಅಂಗೈಯಲ್ಲಿ ಹಿಡಿಯುವ ಒಂದು ಚಿಕ್ಕ ಯಂತ್ರಕ್ಕೂ ಸ್ಥಾನವುಂಟು. ಬೆಂಗಳೂರಿನಲ್ಲಿ ಕಲ್ಪಿತವಾಗಿ, ಬೆಂಗಳೂರಿನಲ್ಲಿಯೇ ರೂಪುಗೊಂಡ ಆ ಯಂತ್ರದ ಹೆಸರು ಸಿಂಪ್ಯೂಟರ್. ಅದನ್ನು ಕುರಿತು ಎರಡು ಮಾತುಗಳು ನಮ್ಮಲ್ಲಿ ಪ್ರಚಾರದಲ್ಲಿವೆ. ಕೈಯಲ್ಲಿರುವ ಯಂತ್ರವನ್ನು ಓರೆ ಮಾಡಿದರೆ ಪರದೆಯ ಮೇಲಿನ ವಸ್ತುವೂ ಆ ಕಡೆಗೆ ಉರುಳುವಂತೆ ಮಾಡಿದವರಲ್ಲಿ ನಮ್ಮವರೇ ಜಗತ್ತಿಗೆ ಮೊದಲಿಗರು ಎಂಬುದು ಒಂದು. ಇದು ಅಭಿಮಾನದ ಮಾತು. ಸಿಂಪ್ಯೂಟರ್ ಬಂದಷ್ಟೇ ಬೇಗ ಮರೆಯಾದ ವಿಫಲ ಪ್ರಯತ್ನವೆಂಬುದು ಇನ್ನೊಂದು. ಇದು ಉದಾಸೀನದ ಮಾತು. ಈ ಎರಡರಲ್ಲಿ ಯಾವುದನ್ನೂ ಪರೀಕ್ಷಿಸದೆ ಒಪ್ಪುವುದು ಇತಿಹಾಸದ ಅಭ್ಯಾಸಿಗೆ ತಕ್ಕುದಲ್ಲ.

ಶಾಸನವೊಂದು ದೊರೆತಾಗ ನಾವು ಮೊದಲು ಕಲ್ಲಿನ ಅಳತೆಯನ್ನು ತೆಗೆದುಕೊಳ್ಳುತ್ತೇವೆ, ಸಾಲುಗಳನ್ನು ಎಣಿಸುತ್ತೇವೆ, ಅಕ್ಷರದ ಮಾಟವನ್ನು ಗಮನಿಸುತ್ತೇವೆ, ಅನಂತರವೇ ಅದರೊಳಗಿನ ಒಕ್ಕಣೆಗೆ ಬರುತ್ತೇವೆ. ಯಂತ್ರದ ವಿಷಯದಲ್ಲಿಯೂ ಇದೇ ಕ್ರಮವು ಯೋಗ್ಯವೆಂದು ನಾವು ಭಾವಿಸುತ್ತೇವೆ. ಅದರ ಪರದೆ, ಸಂಸ್ಕಾರಕ, ಸ್ಮೃತಿ, ಬ್ಯಾಟರಿ ಇವುಗಳೇ ಅದರ ಸಾಲುಗಳು. ಇವುಗಳಲ್ಲಿ ಪ್ರತಿಯೊಂದೂ ಯಾರೋ ಒಬ್ಬರು ಹಣ, ಭಾರ, ಬೆಳಕು ಇವುಗಳ ಲೆಕ್ಕ ಹಾಕಿ ಮಾಡಿದ ಒಂದು ನಿರ್ಧಾರದ ಸಾಕ್ಷಿಯಾಗಿದೆ. ಆದರೆ ಒಂಟಿ ಶಾಸನದಿಂದ ಹೆಚ್ಚು ತಿಳಿಯದು. ಅದೇ ಕಾಲದ ಬೇರೆ ಶಾಸನಗಳೊಡನೆ ಹೋಲಿಸಿದಾಗ ಅದರ ವೈಶಿಷ್ಟ್ಯವು ಹೊರಬೀಳುತ್ತದೆ. ಸಿಂಪ್ಯೂಟರಿಗೆ ಅಂಥ ಸಮಕಾಲೀನ ಬಂಧುಗಳೆಂದರೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರಗಳು. ಅಗ್ಗದ ಪರದೆ, ಕಡಿಮೆ ವಿದ್ಯುತ್ತು, ಸಾಮಾನ್ಯ ಜನರ ಕೈಗೆಟಕುವ ಬೆಲೆ ಎಂಬ ಮೂರು ಸಮಸ್ಯೆಗಳು ಇಬ್ಬರಿಗೂ ಸಮಾನವಾಗಿದ್ದವು. ಆದುದರಿಂದ ಮೊದಲು ಆ ಆಟದ ಯಂತ್ರಗಳ ಪರಂಪರೆಯನ್ನು ಸಂಕ್ಷೇಪವಾಗಿ ನೋಡಿ, ಬಳಿಕ ಸಿಂಪ್ಯೂಟರಿನ ಒಳರಚನೆಯನ್ನು ವಿವರಿಸಿ, ಕೊನೆಗೆ ಮೇಲಿನ ಎರಡು ಮಾತುಗಳ ಸತ್ಯಾಸತ್ಯತೆಯನ್ನು ವಿಚಾರಿಸುತ್ತೇವೆ.

೨. ಕೈಯಾಟದ ಯಂತ್ರಗಳ ಪರಂಪರೆ

ಆಟಗಳನ್ನು ಬದಲಿಸಿಕೊಳ್ಳಬಹುದಾದ ಕೈಯಂತ್ರಗಳ ಪರಂಪರೆಯು ೧೯೭೯ರಲ್ಲಿ ಆರಂಭವಾಗುತ್ತದೆ. ಆ ವರ್ಷ ಅಮೆರಿಕೆಯ ಮಿಲ್ಟನ್ ಬ್ರ್ಯಾಡ್ಲಿ ಕಂಪನಿಯು ಜೇ ಸ್ಮಿತ್ ಎಂಬವರು ರೂಪಿಸಿದ ಮೈಕ್ರೋವಿಜನ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರ ಪರದೆಯಲ್ಲಿ ಅಡ್ಡಲಾಗಿ ೧೬, ಉದ್ದಕ್ಕೆ ೧೬, ಹೀಗೆ ಒಟ್ಟು ೨೫೬ ಬಿಂದುಗಳು ಮಾತ್ರ ಇದ್ದವು. ಯಂತ್ರಕ್ಕೆ ಸ್ವಂತದ ಮಿದುಳೆಂಬುದು ಇರಲಿಲ್ಲ. ಆಟದ ಒಂದೊಂದು ಕಾರ್ಟ್ರಿಜ್ಜಿನಲ್ಲಿಯೂ ಅದರದರ ಸಂಸ್ಕಾರಕವು ಅಡಕವಾಗಿರುತ್ತಿತ್ತು.

ಇಂಥ ಯಂತ್ರಗಳನ್ನು ಸಾಧ್ಯಗೊಳಿಸಿದ್ದು ದ್ರವಸ್ಫಟಿಕದ ಪರದೆ, ಎಂದರೆ ಇಂದು ಎಲ್ಲರೂ ಎಲ್.ಸಿ.ಡಿ. ಎಂದು ಕರೆಯುವ ಪರದೆ. ಎರಡು ಗಾಜಿನ ಹಾಳೆಗಳ ನಡುವೆ ದ್ರವಸ್ಫಟಿಕದ ತೆಳುವಾದ ಪದರವಿರುತ್ತದೆ. ಗಾಜಿನ ಮೇಲೂ ಕೆಳಗೂ ಬೆಳಕನ್ನು ಸೋಸುವ ಧ್ರುವಕ ಹಾಳೆಗಳಿರುತ್ತವೆ. ವಿದ್ಯುತ್ತು ತಾಗಿದ ಜಾಗದಲ್ಲಿ ದ್ರವಸ್ಫಟಿಕದ ಅಣುಗಳು ಮಗ್ಗುಲು ಬದಲಿಸುತ್ತವೆ. ಆಗ ಆ ಜಾಗದಲ್ಲಿ ಬೆಳಕು ಹಾಯಲಾರದೆ, ನೋಡುವವರಿಗೆ ಅದು ಕಪ್ಪಾಗಿ ಕಾಣುತ್ತದೆ. ಇಂಥ ಸರಳವಾದ ಪರದೆಯು ತಾನಾಗಿ ಬೆಳಕನ್ನು ಸೂಸುವುದಿಲ್ಲ. ಹೊರಗಿನಿಂದ ಬಿದ್ದ ಬೆಳಕನ್ನೇ ಹಿಂದಿರುಗಿಸುತ್ತದೆ. ಆದುದರಿಂದ ವಿದ್ಯುತ್ತಿನ ವೆಚ್ಚವು ಅತ್ಯಲ್ಪ. ಕೈಗಡಿಯಾರ ಮತ್ತು ಲೆಕ್ಕದ ಯಂತ್ರಗಳಿಗಾಗಿ ಇಂಥ ಪರದೆಗಳು ೧೯೭೦ರ ದಶಕದಲ್ಲಿ ವಿಪುಲವಾಗಿ ತಯಾರಾಗಿ, ಅವುಗಳ ಬೆಲೆಯು ಇಳಿಯುತ್ತ ಬಂದಿತು.

ಈ ಇಳಿದ ಬೆಲೆಯ ಲಾಭವನ್ನು ಪಡೆದವರು ಜಪಾನಿನ ನಿಂಟೆಂಡೊ ಕಂಪನಿಯವರು. ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಆಟದ ಎಲೆಗಳನ್ನು ತಯಾರಿಸಲು ಹುಟ್ಟಿದ ಕಂಪನಿ ಇದು. ಅಲ್ಲಿಯ ಗುನ್‌ಪೆ ಯೊಕೊಯ್ ಎಂಬ ತಂತ್ರಜ್ಞರು, ರೈಲಿನಲ್ಲಿ ಒಬ್ಬ ಉದ್ಯೋಗಸ್ಥನು ಹೊತ್ತು ಕಳೆಯಲೆಂದು ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತುತ್ತ ಕುಳಿತುದನ್ನು ಕಂಡು, ಅದರಿಂದ ಕೈಯಾಟದ ಕಲ್ಪನೆಯನ್ನು ಪಡೆದರೆಂದು ಪ್ರತೀತಿ. ೧೯೮೦ರಲ್ಲಿ ಹೊರಬಂದ ‘ಗೇಮ್ ಎಂಡ್ ವಾಚ್’ ಎಂಬ ಸರಣಿಯು ಅದರ ಫಲ. ಯೊಕೊಯ್ ಅವರಿಗೆ ಒಂದು ಸೂತ್ರವಿತ್ತು: ಹೊಚ್ಚಹೊಸ ತಂತ್ರದ ಬೆನ್ನು ಹತ್ತಬಾರದು, ಬಳಕೆಯಿಂದ ಬಾಡಿ ಅಗ್ಗವಾದ ತಂತ್ರವನ್ನು ಯಾರೂ ಯೋಚಿಸದ ಕೆಲಸಕ್ಕೆ ಹಚ್ಚಬೇಕು.

ಈ ಸೂತ್ರದ ಪೂರ್ಣಫಲವು ೧೯೮೯ರ ಏಪ್ರಿಲ್ ೨೧ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಗೇಮ್ ಬಾಯ್’. ಅದರ ಸಂಸ್ಕಾರಕವು ೮ ಬಿಟ್ಟಿನದು; ವೇಗವು ಸುಮಾರು ೪.೧೯ ಮೆಗಾಹರ್ಟ್ಸ್, ಕೆಲಸದ ಸ್ಮೃತಿಯು ೮ ಕಿಲೋಬೈಟ್. ಪರದೆಯಲ್ಲಿ ಅಡ್ಡಲಾಗಿ ೧೬೦, ಉದ್ದಕ್ಕೆ ೧೪೪ ಬಿಂದುಗಳಿದ್ದು, ಬಣ್ಣವೆಂಬುದಿರದೆ ನಾಲ್ಕು ಛಾಯೆಗಳು ಮಾತ್ರ ಇದ್ದವು. ಅದೇ ವರ್ಷ ಅಟಾರಿ ಕಂಪನಿಯು, ಮರುವರ್ಷ ಸೇಗಾ ಕಂಪನಿಯು ಹಿಂದಿನಿಂದ ಬೆಳಕು ಚೆಲ್ಲುವ ಬಣ್ಣದ ಪರದೆಯ ಕೈಯಂತ್ರಗಳನ್ನು ತಂದವು. ನೋಟಕ್ಕೆ ಅವೇ ಸುಂದರ. ಆದರೆ ಅವು ಆರು ಪೆನ್ಸಿಲ್ ಸೆಲ್ಲುಗಳನ್ನು ಕೆಲವೇ ತಾಸುಗಳಲ್ಲಿ ನುಂಗಿಹಾಕುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್ಲುಗಳ ಮೇಲೆ ಅವುಗಳಿಗಿಂತ ಬಹಳ ಹೆಚ್ಚು ಹೊತ್ತು ನಡೆಯುತ್ತಿತ್ತು. ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ ಅವರು ೧೯೮೪ರಲ್ಲಿ ರಚಿಸಿದ ಟೆಟ್ರಿಸ್ ಎಂಬ ಇಟ್ಟಿಗೆ ಜೋಡಿಸುವ ಆಟವು ಅದರೊಡನೆ ಸೇರಿದಾಗ ಗೆಲುವು ಖಂಡಿತವಾಯಿತು. ಗೇಮ್ ಬಾಯ್ ಹಾಗೂ ಅದರ ವರ್ಣಮಾದರಿ ಎರಡೂ ಕೂಡಿ ಜಗತ್ತಿನಲ್ಲಿ ೧೧ ಕೋಟಿ ೮೦ ಲಕ್ಷಕ್ಕೂ ಮಿಕ್ಕಿ ಮಾರಾಟವಾದವು. ಏನನ್ನು ಬಿಟ್ಟುಕೊಡಬೇಕೆಂಬುದನ್ನು ಅರಿತವನೇ ಕೈಯಂತ್ರವನ್ನು ಕಟ್ಟಬಲ್ಲನು ಎಂಬ ಪಾಠವು ಇದರಿಂದ ದೊರೆಯುತ್ತದೆ.

ನಮ್ಮ ಭಾಗದ ಮಕ್ಕಳಿಗೆ ಪರಿಚಿತವಾದುದು ಗೇಮ್ ಬಾಯ್ ಅಲ್ಲ, ಅದರ ಬಡ ನೆಂಟ. ನಾವು ಹುಡುಗರಾಗಿದ್ದಾಗ ಹುಬ್ಬಳ್ಳಿಯ ದುರ್ಗದಬೈಲಿನ ಆಟಿಕೆಯಂಗಡಿಗಳಲ್ಲಿ ‘ಬ್ರಿಕ್ ಗೇಮ್’ ಎಂಬ ಪ್ಲಾಸ್ಟಿಕ್ ಯಂತ್ರಗಳು ತೂಗಾಡುತ್ತಿದ್ದವು. ಅದರ ಪರದೆಯೆಂದರೆ ೧೦ ಕಂಬ, ೨೦ ಸಾಲುಗಳ ಚೌಕಗಳ ಚೌಕಟ್ಟು. ಪೆಟ್ಟಿಗೆಯ ಮೇಲೆ ೯೯೯೯ ಆಟಗಳೆಂದು ಬರೆದಿರುತ್ತಿದ್ದರೂ ಒಳಗಿನ ಆಟಗಳು ಬೆರಳೆಣಿಕೆಯವು. ವೇಗವನ್ನೂ ಹಂತವನ್ನೂ ಬದಲಿಸಿ ಸಂಖ್ಯೆಯನ್ನು ಹಿಗ್ಗಿಸಲಾಗಿತ್ತು. ಆದರೂ ಬಾಡಿದ ತಂತ್ರದ ಸೂತ್ರವು ನಮ್ಮ ಪೇಟೆಗೆ ತಲುಪಿದ ರೂಪ ಅದೇ. ಜಾತ್ರೆಯ ಹಣದಲ್ಲಿ ಅದನ್ನು ಕೊಂಡ ಹುಡುಗನು ಓಣಿಯ ಹುಡುಗರಿಗೆಲ್ಲ ಸರದಿಯಂತೆ ಆಡಲು ಕೊಡುತ್ತಿದ್ದನು. ಯಂತ್ರ ಒಂದು, ಕೈಗಳು ಹತ್ತು ಎಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದರ ಪ್ರಯೋಜನವಿದೆ.

೩. ಸಿಂಪ್ಯೂಟರಿನ ಹುಟ್ಟು

೧೯೯೮ರಲ್ಲಿ ಬೆಂಗಳೂರಿನಲ್ಲಿ, ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಮಾಹಿತಿ ತಂತ್ರಜ್ಞಾನವು ಹೇಗೆ ಒದಗಬೇಕು ಎಂಬ ವಿಷಯವಾಗಿ ಒಂದು ಅಂತರರಾಷ್ಟ್ರೀಯ ವಿಚಾರಗೋಷ್ಠಿಯು ನಡೆಯಿತು. ಅಗ್ಗವೂ ಸರಳವೂ ಆದ, ಓದಲು ಬಾರದವರಿಗೂ ಒದಗುವ ಒಂದು ಗಣಕದ ಕಲ್ಪನೆಯು ಆ ಚರ್ಚೆಗಳ ಹಿನ್ನೆಲೆಯಲ್ಲಿ ಮೊಳೆಯಿತು. ೧೯೯೯ರ ನವೆಂಬರದಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ, ಲಾಭದ ಉದ್ದೇಶವಿಲ್ಲದ ಸಂಸ್ಥೆಯು ಸ್ಥಾಪಿತವಾಯಿತು. ಅದರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರೂ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್ ಎಂಬ ಮೂವರೂ ಇದ್ದರು. ಸರಳ, ಅಗ್ಗ, ಬಹುಭಾಷಿಕ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕಂಪ್ಯೂಟರ್ ಎಂಬ ಪದಕ್ಕೆ ಬೆಸೆದು ಯಂತ್ರಕ್ಕೆ ನಾಮಕರಣವಾಯಿತು. ೨೦೦೧ರ ಏಪ್ರಿಲ್ ೨೫ರಂದು ಬೆಂಗಳೂರಿನಲ್ಲಿ ಅದರ ಮೊದಲ ಮಾದರಿಯು ಜನರೆದುರು ಪ್ರದರ್ಶಿತವಾಯಿತು. ಆಗ ಉದ್ದೇಶಿಸಿದ ಬೆಲೆಯು ಸುಮಾರು ೯,೦೦೦ ರೂಪಾಯಿ.

ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಕೊಡುವ ಪದ್ಧತಿಯು ಆ ಕಾಲಕ್ಕೆ ರೂಢವಾಗಿತ್ತು. ಸಿಂಪ್ಯೂಟರ್ ಟ್ರಸ್ಟಿನವರು ಯಂತ್ರಾಂಶದ ನಕ್ಷೆಗೂ ಆ ತತ್ತ್ವವನ್ನು ಅನ್ವಯಿಸಿದರು. ಯಾರು ಬೇಕಾದರೂ ನಕ್ಷೆಯನ್ನು ಪಡೆದು ಯಂತ್ರವನ್ನು ಕಟ್ಟಬಹುದು. ಮಾರುವವರು ಟ್ರಸ್ಟಿಗೆ ಪರವಾನಗಿಯ ಹಣವನ್ನು ತೆರಬೇಕು. ತಾವು ಮಾಡಿದ ಸುಧಾರಣೆಗಳನ್ನು ನಿಗದಿಯಾದ ಅವಧಿಯ ತರುವಾಯ ಟ್ರಸ್ಟಿಗೆ ಹಿಂದಿರುಗಿಸಬೇಕು ಎಂಬುದು ಆ ಪರವಾನಗಿಯ ಸಾರಾಂಶ. ಆಟದ ಯಂತ್ರಗಳ ಕಂಪನಿಗಳು ತಮ್ಮ ನಕ್ಷೆಗಳನ್ನು ಗುಟ್ಟಾಗಿಡುತ್ತಿದ್ದ ಕಾಲದಲ್ಲಿ ಇದು ವಿಲಕ್ಷಣವಾದ ಹೆಜ್ಜೆಯಾಗಿತ್ತು.

೪. ಒಳರಚನೆ

ಸಿಂಪ್ಯೂಟರಿನ ಪ್ರದರ್ಶನಕ್ಕೆ ಒಂದು ತಿಂಗಳ ಹಿಂದೆ, ೨೦೦೧ರ ಮಾರ್ಚ್ ೨೧ರಂದು, ನಿಂಟೆಂಡೊ ಕಂಪನಿಯು ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಯಂತ್ರವನ್ನು ಜಪಾನಿನಲ್ಲಿ ಬಿಡುಗಡೆ ಮಾಡಿತು. ಎರಡೂ ಒಂದೇ ವರ್ಷದವು. ಮೇಲಾಗಿ ಎರಡರ ಸಂಸ್ಕಾರಕಗಳೂ ‘ಆರ್ಮ್’ ಎಂಬ ಒಂದೇ ವಂಶಕ್ಕೆ ಸೇರಿದವು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ವಂಶದ ಗುಣವೆಂದರೆ ಸರಳವಾದ ಆಜ್ಞೆಗಳ ಮೂಲಕ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುವುದು. ಇಂದಿನ ಮೊಬೈಲ್ ಫೋನುಗಳಲ್ಲಿ ಇರುವುದೂ ಇದೇ ವಂಶ.

ಹೀಗೆ ಒಡಹುಟ್ಟಿದಂತಿರುವ ಈ ಎರಡನ್ನು ಹೋಲಿಸೋಣ. ಗೇಮ್ ಬಾಯ್ ಅಡ್ವಾನ್ಸಿನ ಸಂಸ್ಕಾರಕದ ವೇಗ ಸುಮಾರು ೧೬.೮ ಮೆಗಾಹರ್ಟ್ಸ್, ಸಿಂಪ್ಯೂಟರಿನಲ್ಲಿ ಬಳಸಿದ ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕದ ವೇಗ ೨೦೬ ಮೆಗಾಹರ್ಟ್ಸ್, ಎಂದರೆ ಹನ್ನೆರಡು ಪಟ್ಟು. ಅದರ ಕೆಲಸದ ಸ್ಮೃತಿ ೨೮೮ ಕಿಲೋಬೈಟ್. ಇದರದು ಕನಿಷ್ಠ ೩೨ ಮೆಗಾಬೈಟ್, ಎಂದರೆ ನೂರು ಪಟ್ಟಿಗೂ ಹೆಚ್ಚು. ಅದರ ಪರದೆಯಲ್ಲಿ ೨೪೦ಕ್ಕೆ ೧೬೦ರಂತೆ ೩೮,೪೦೦ ಬಿಂದುಗಳು. ಇದರ ಪರದೆಯಲ್ಲಿ ೩೨೦ಕ್ಕೆ ೨೪೦ರಂತೆ ೭೬,೮೦೦ ಬಿಂದುಗಳು, ಸರಿಯಾಗಿ ಎರಡು ಪಟ್ಟು. ಆದರೆ ಅದು ಬಣ್ಣದ ಪರದೆ; ಇದರ ಮೊದಲ ಮಾದರಿಯದು ಬೂದುಬಣ್ಣದ ಛಾಯೆಗಳ ಪರದೆ. ಅಲ್ಲಿ ಆಜ್ಞೆ ಕೊಡುವುದು ಗುಂಡಿಗಳಿಂದ. ಇಲ್ಲಿ ಮುಖ್ಯವಾಗಿ ಲೇಖನಿಯಂಥ ಕಡ್ಡಿಯಿಂದ ಪರದೆಯನ್ನೇ ಮುಟ್ಟಿ. ಅದು ಎರಡು ಪೆನ್ಸಿಲ್ ಸೆಲ್ಲುಗಳ ಮೇಲೆ ಹದಿನೈದು ತಾಸುಗಳಷ್ಟು ನಡೆಯುತ್ತಿತ್ತು. ಸಿಂಪ್ಯೂಟರಿನ ಮೊದಲ ವಿನ್ಯಾಸಕ್ಕೆ ಮೂರು ಸಣ್ಣ ಸೆಲ್ಲುಗಳನ್ನು ಗೊತ್ತುಮಾಡಿದ್ದರೂ, ಮಾರಾಟಕ್ಕೆ ಬಂದ ‘ಅಮಿದಾ’ ಮಾದರಿಯಲ್ಲಿ ಮತ್ತೆ ಮತ್ತೆ ವಿದ್ಯುತ್ತು ತುಂಬಬಹುದಾದ ಲಿಥಿಯಂ ಬ್ಯಾಟರಿಯನ್ನು ಅಳವಡಿಸಬೇಕಾಯಿತು.

ಒಂದೇ ವಂಶದ ಮಿದುಳಿದ್ದರೂ ಇಷ್ಟು ಅಂತರವೇಕೆ? ಆಟದ ಯಂತ್ರವು ಒಂದು ಕಾಲಕ್ಕೆ ಒಂದೇ ಕೆಲಸವನ್ನು ಮಾಡುತ್ತದೆ. ಅದಕ್ಕೆ ಮೇಲ್ವಿಚಾರಕ ತಂತ್ರಾಂಶವು ಬೇಕಾಗುವುದಿಲ್ಲ. ಸಿಂಪ್ಯೂಟರು ಲಿನಕ್ಸ್ ಎಂಬ ಪೂರ್ಣ ಪ್ರಮಾಣದ ಕಾರ್ಯಾಚರಣ ವ್ಯವಸ್ಥೆಯನ್ನು ಹೊತ್ತಿತ್ತು. ಅದು ಪತ್ರವ್ಯವಹಾರ ಮಾಡಬೇಕು, ಲೆಕ್ಕವಿಡಬೇಕು, ದೂರವಾಣಿಯ ತಂತಿಗೆ ಕೂಡಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ ಹಲವು ಭಾಷೆಗಳಲ್ಲಿ ಮಾತನಾಡಬೇಕು. ಈ ಕಡೆಯ ಕೆಲಸಕ್ಕಾಗಿ ರಮೇಶ್ ಹರಿಹರನ್ ಅವರು ‘ಧ್ವನಿ’ ಎಂಬ ತಂತ್ರಾಂಶವನ್ನು ರಚಿಸಿದರು. ಅದರ ಕ್ರಮವು ಕನ್ನಡಿಗರಿಗೆ ತಿಳಿಯಲು ಸುಲಭ. ನಮ್ಮ ಲಿಪಿಯಲ್ಲಿ ಬರೆದಂತೆಯೇ ಓದುತ್ತೇವೆ. ವ್ಯಂಜನಕ್ಕೆ ಸ್ವರ ಸೇರಿ ಕಾಗುಣಿತವಾಗುತ್ತದೆ. ಆದುದರಿಂದ ಸ್ವರ, ವ್ಯಂಜನ ಹಾಗೂ ಅವುಗಳ ಕೂಡಿಕೆಗಳ ಉಚ್ಚಾರವನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಪಠ್ಯದಲ್ಲಿ ಬಂದ ಕ್ರಮದಲ್ಲಿ ಅವುಗಳನ್ನು ಪೋಣಿಸಿದರೆ ಯಂತ್ರವು ಓದಿ ಹೇಳುತ್ತದೆ. ಆ ಸ್ವರವು ಒರಟಾಗಿದ್ದರೂ ಅರ್ಥವಾಗುವಂತಿತ್ತು. ಬಾಲಬೋಧೆಯ ಕಾಗುಣಿತದ ಪಟ್ಟಿಯೇ ಯಂತ್ರದ ನಾಲಗೆಯಾಯಿತೆಂದು ಹೇಳಿದರೂ ತಪ್ಪಾಗದು.

ಆದರೆ ನಮ್ಮ ದೃಷ್ಟಿಯಲ್ಲಿ ಸಿಂಪ್ಯೂಟರಿನ ಅತ್ಯಂತ ಮಹತ್ವದ ಅಂಗವು ಅದರ ಮಿದುಳೂ ಅಲ್ಲ, ನಾಲಗೆಯೂ ಅಲ್ಲ. ಅದು ಸ್ಮಾರ್ಟ್ ಕಾರ್ಡನ್ನು ತೂರಿಸುವ ಸೀಳುಕಂಡಿ. ಒಂಬತ್ತು ಸಾವಿರ ರೂಪಾಯಿಯ ಯಂತ್ರವನ್ನು ಪ್ರತಿಯೊಬ್ಬ ರೈತನೂ ಕೊಳ್ಳಲಾರನೆಂಬುದನ್ನು ಟ್ರಸ್ಟಿನವರು ಮೊದಲೇ ಅರಿತಿದ್ದರು. ಆದುದರಿಂದ ಊರಿಗೆ ಒಂದು ಯಂತ್ರ, ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಎಂಬ ವ್ಯವಸ್ಥೆಯನ್ನು ಅವರು ಯೋಚಿಸಿದರು. ಪಂಚಾಯತಿಯಿಂದಲೋ ಶಾಲೆಯಿಂದಲೋ ಅಂಗಡಿಯಿಂದಲೋ ಯಂತ್ರವನ್ನು ಸ್ವಲ್ಪ ಹೊತ್ತು ಪಡೆದು ತನ್ನ ಕಾರ್ಡನ್ನು ಸೇರಿಸಿದೊಡನೆ ಅದು ಅವನದಾಗುತ್ತದೆ. ಕಾರ್ಡನ್ನು ತೆಗೆದೊಡನೆ ಊರಿನದಾಗುತ್ತದೆ. ಆಟದ ಯಂತ್ರದ ಕಾರ್ಟ್ರಿಜ್ಜಿನೊಡನೆ ಇದನ್ನು ಹೋಲಿಸಿದರೆ ತತ್ತ್ವವು ಸ್ಪಷ್ಟವಾಗುತ್ತದೆ. ಅಲ್ಲಿ ಯಂತ್ರವು ಒಬ್ಬನದು, ಬದಲಾಗುವುದು ಆಟ. ಇಲ್ಲಿ ಯಂತ್ರವು ಎಲ್ಲರದು, ಬದಲಾಗುವವನು ಮನುಷ್ಯ. ಬ್ರಿಕ್ ಗೇಮನ್ನು ಸರದಿಯಂತೆ ಆಡಿದ ಓಣಿಯ ಹುಡುಗರು ಅರಿಯದೆ ಆಚರಿಸುತ್ತಿದ್ದ ನಿಯಮವನ್ನೇ ಸಿಂಪ್ಯೂಟರು ಯಂತ್ರಾಂಶದಲ್ಲಿ ಅಳವಡಿಸಿತ್ತು.

೫. ಉರುಳುವ ಗೋಲಿ

ಈಗ ಮೊದಲನೆಯ ಮಾತಿನ ಪರೀಕ್ಷೆಗೆ ಬರೋಣ. ಟ್ರಸ್ಟಿನ ನಾಲ್ವರು ಪ್ರಾಧ್ಯಾಪಕರು ಸ್ಥಾಪಿಸಿದ ಪಿಕೋಪೇಟಾ ಎಂಬ ಕಂಪನಿಯ ವಿನ್ಯಾಸದಂತೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸಿದ ಅಮಿದಾ ಸಿಂಪ್ಯೂಟರು ೨೦೦೪ರ ಏಪ್ರಿಲಿನಲ್ಲಿ ಮಾರಾಟಕ್ಕೆ ಬಂದಿತು. ಅದರಲ್ಲಿ ವೇಗೋತ್ಕರ್ಷಮಾಪಕ, ಎಂದರೆ ಎಕ್ಸೆಲರೋಮೀಟರ್, ಇತ್ತು. ಸಿಲಿಕಾನಿನ ಒಂದು ಚೂರಿನಲ್ಲಿ ಕೂದಲೆಳೆಗಿಂತ ತೆಳುವಾದ ಸ್ಪ್ರಿಂಗುಗಳ ಮೇಲೆ ಅತಿ ಸೂಕ್ಷ್ಮವಾದ ಒಂದು ತುಂಡು ತೂಗುತ್ತಿರುತ್ತದೆ. ಯಂತ್ರವು ಓರೆಯಾದಾಗ ಭೂಮಿಯ ಸೆಳೆತದಿಂದ ಆ ತುಂಡು ಎಳ್ಳಷ್ಟೂ ಕಾಣದಷ್ಟು ಸರಿಯುತ್ತದೆ. ಪಕ್ಕದ ಫಲಕಗಳಿಗೂ ಅದಕ್ಕೂ ಇರುವ ಅಂತರ ಬದಲಾಗಿ, ಅವುಗಳ ವಿದ್ಯುದ್ಧಾರಣಶಕ್ತಿಯು ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಸಂಸ್ಕಾರಕವು ಯಂತ್ರದ ವಾಲುವಿಕೆಯನ್ನು ತಿಳಿಯುತ್ತದೆ. ಗೌಂಡಿಯ ರಸಮಟ್ಟದಲ್ಲಿ ಗಾಳಿಯ ಗುಳ್ಳೆ ಮಾಡುವ ಕೆಲಸವನ್ನು ಇಲ್ಲಿ ಸಿಲಿಕಾನಿನ ಚೂರು ಮಾಡುತ್ತದೆ. ಇದನ್ನು ತೋರಿಸಲು ಅಮಿದಾದಲ್ಲಿ ‘ಗೋಲ್‌ಗೋಲಿ’ ಎಂಬ ಆಟವಿತ್ತು. ಯಂತ್ರವನ್ನು ಅತ್ತಿತ್ತ ಬಾಗಿಸುತ್ತ ಪರದೆಯ ಮೇಲಿನ ಗೋಲಿಯನ್ನು ಸುತ್ತುದಾರಿಗಳೊಳಗಿಂದ ಸಾಗಿಸುವುದು ಅದರ ಕ್ರಮ. ಮಣಿಕಟ್ಟನ್ನು ಕೊಡವಿ ಪುಟವನ್ನು ತಿರುವುವ ಅನುಕೂಲವೂ ಇತ್ತು.

ಅಮೆರಿಕೆಯ ಆ್ಯಪಲ್ ಕಂಪನಿಯ ಐಫೋನು ವಾಲುವಿಕೆಯನ್ನು ಅರಿಯುವ ಗುಣದೊಡನೆ ಬಂದುದು ೨೦೦೭ರಲ್ಲಿ. ಆದುದರಿಂದ ಅದಕ್ಕಿಂತ ಮೂರು ವರ್ಷ ಮೊದಲೇ ಬೆಂಗಳೂರಿನವರು ಇದನ್ನು ಸಾಧಿಸಿದ್ದರೆಂಬುದು ನಿಜ. ಆದರೆ ಜಗತ್ತಿಗೇ ಮೊದಲಿಗರೆಂಬುದು ನಿಲ್ಲಲಾರದು. ೨೦೦೦ದ ಆಗಸ್ಟಿನಲ್ಲಿಯೇ ಜಪಾನಿನಲ್ಲಿ ಗೇಮ್ ಬಾಯ್ ವರ್ಣಮಾದರಿಗಾಗಿ ನಿಂಟೆಂಡೊ ಹೊರತಂದ ‘ಕಿರ್ಬಿ’ಯ ಉರುಳಾಟದ ಕಾರ್ಟ್ರಿಜ್ಜಿನೊಳಗೆ ವೇಗೋತ್ಕರ್ಷಮಾಪಕವಿತ್ತು. ಅಲ್ಲಿಯೂ ಯಂತ್ರವನ್ನು ಓರೆ ಮಾಡಿದರೆ ಚೆಂಡಿನಂಥ ದುಂಡನೆಯ ಪಾತ್ರವು ಉರುಳುತ್ತಿತ್ತು. ಎರಡು ದೇಶಗಳವರು ಈ ಹೊಸ ಅಂಗವನ್ನು ಕೈಗೆ ತೆಗೆದುಕೊಂಡೊಡನೆ ಒಂದೇ ಆಟವನ್ನು, ಎಂದರೆ ಗೋಲಿಯಾಟವನ್ನೇ, ಕಟ್ಟಿದರೆಂಬುದು ಸ್ವಾರಸ್ಯದ ಸಂಗತಿ.

ಹಾಗಾದರೆ ನಮ್ಮವರ ಹೆಚ್ಚಳವೇನು? ಜಪಾನಿನ ಉದಾಹರಣೆಯಲ್ಲಿ ಮಾಪಕವು ಒಂದು ಆಟದ ಕಾರ್ಟ್ರಿಜ್ಜಿಗೆ ಸೇರಿದ್ದು. ಅದನ್ನು ಕಿತ್ತರೆ ಯಂತ್ರಕ್ಕೆ ಆ ಅರಿವು ಉಳಿಯದು. ಅಮಿದಾದಲ್ಲಿ ಅದು ಯಂತ್ರದ ಸ್ವಂತ ಅಂಗವಾಗಿದ್ದು, ಆಟಕ್ಕೂ ಓದಿಗೂ ಒದಗುತ್ತಿತ್ತು. ಆದುದರಿಂದ, ಆಟಿಕೆಯಿಂದ ಹೊರಬಂದು ಸಾಮಾನ್ಯ ಬಳಕೆಯ ಕೈಗಣಕದಲ್ಲಿ ಈ ಅಂಗವು ನೆಲೆಗೊಂಡ ಆರಂಭದ ಉದಾಹರಣೆಗಳಲ್ಲಿ ಸಿಂಪ್ಯೂಟರು ಒಂದು ಎಂದು ಹೇಳುವುದೇ ನ್ಯಾಯ. ಈ ಮಾತು ಮೊದಲಿನದಕ್ಕಿಂತ ಸಣ್ಣದಾಗಿ ಕಂಡರೂ, ಸತ್ಯವಾದುದರಿಂದ ಹೆಚ್ಚು ಕಾಲ ನಿಲ್ಲುತ್ತದೆ.

೬. ಸೋಲಿನ ವಿಚಾರ

ಎರಡನೆಯ ಮಾತಿಗೆ ಬರೋಣ. ಮಾರಾಟದ ದೃಷ್ಟಿಯಿಂದ ಸಿಂಪ್ಯೂಟರು ಸೋತಿತೆಂಬುದರಲ್ಲಿ ಸಂದೇಹವಿಲ್ಲ. ಗೇಮ್ ಬಾಯ್ ಅಡ್ವಾನ್ಸ್ ಎಂಟು ಕೋಟಿಗೂ ಮಿಕ್ಕಿ ಮಾರಿತು; ಸಿಂಪ್ಯೂಟ‌ರು ಕೆಲವು ಸಾವಿರಗಳನ್ನು ಮೀರಲಿಲ್ಲ. ಅಮಿದಾದ ಅಗ್ಗದ ಮಾದರಿಯ ಬೆಲೆ ಹತ್ತು ಸಾವಿರ ರೂಪಾಯಿಗೆ ತುಸು ಕಡಿಮೆ. ಬಣ್ಣದ ಪರದೆಯ ಮಾದರಿಯದು ಇಪ್ಪತ್ತು ಸಾವಿರದ ಹತ್ತಿರ. ಇದಕ್ಕೆ ಕಾರಣಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಒಂದು, ಪ್ರಮಾಣದ ಕಾರಣ. ಪರದೆ, ಸಂಸ್ಕಾರಕ ಮೊದಲಾದ ಭಾಗಗಳು ಲಕ್ಷಗಟ್ಟಲೆ ಕೊಂಡಾಗ ಮಾತ್ರ ಅಗ್ಗವಾಗುತ್ತವೆ. ಬೇಡಿಕೆಯಿಲ್ಲದೆ ಬೆಲೆ ಇಳಿಯದು. ಬೆಲೆ ಇಳಿಯದೆ ಬೇಡಿಕೆ ಹುಟ್ಟದು. ಎರಡು, ಒಳಸರಕಿನ ಕಾರಣ. ಆಟದ ಯಂತ್ರದ ಕಂಪನಿಗೆ ಪ್ರತಿಯೊಂದು ಕಾರ್ಟ್ರಿಜ್ಜಿನ ಮಾರಾಟದಿಂದಲೂ ಆದಾಯವುಂಟು. ಆದುದರಿಂದ ಆಟಗಳು ತಾವಾಗಿ ಹುಟ್ಟುತ್ತವೆ. ರೈತನಿಗೆ ಬೇಕಾದ ಪೇಟೆಯ ಧಾರಣೆ, ಹವೆಯ ವರ್ತಮಾನ, ಸರಕಾರದ ದಾಖಲೆಗಳು ಹಾಗೆ ತಾವಾಗಿ ಹುಟ್ಟುವಂಥವಲ್ಲ. ಅವುಗಳನ್ನು ಹಳ್ಳಿಹಳ್ಳಿಗೂ ದಿನದಿನವೂ ಒದಗಿಸುವ ಏರ್ಪಾಡು ಬೇರೆಯಾಗಿಯೇ ಆಗಬೇಕು. ಮೂರು, ಸಂಪರ್ಕದ ಕಾರಣ, ಇದೇ ನಿರ್ಣಾಯಕವಾದುದು. ಸಿಂಪ್ಯೂಟರು ಹೊರಜಗತ್ತನ್ನು ಮುಟ್ಟಲು ದೂರವಾಣಿಯ ತಂತಿಯನ್ನು ನೆಚ್ಚಿತ್ತು. ಆದರೆ ೨೦೦೩ರಲ್ಲಿ ರಿಲಯನ್ಸ್ ಕಂಪನಿಯು ೫೦೧ ರೂಪಾಯಿಯ ಆರಂಭಿಕ ಪಾವತಿಗೆ ಮೊಬೈಲ್ ಫೋನನ್ನು ಕೊಡುವ ಯೋಜನೆಯನ್ನು ಹೊರಡಿಸಿತು. ಅದೇ ವರ್ಷ ನೋಕಿಯಾ ೧೧೦೦ ಎಂಬ ಗಟ್ಟಿಮುಟ್ಟಾದ ಫೋನು ಬಂದಿತು. ತಲೆಯ ಮೇಲೊಂದು ಟಾರ್ಚು, ಒಳಗೊಂದು ಹಾವಿನ ಆಟ, ಕಪ್ಪುಬಿಳುಪಿನ ಪುಟ್ಟ ಪರದೆ. ಯೊಕೊಯ್ ಅವರ ಬಾಡಿದ ತಂತ್ರದ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ನಮ್ಮ ಹಳ್ಳಿಗಳ ಹಲವರು ಜೀವಮಾನದಲ್ಲಿ ಆಡಿದ ಮೊದಲ ವಿಡಿಯೋ ಆಟವು ಆ ಹಾವಿನ ಆಟವೇ. ಸಿಂಪ್ಯೂಟರು ರೈತನಿಗೆ ಓದಿ ಹೇಳುತ್ತೇನೆಂದಿತು. ಫೋನು, ದೂರದ ಊರಿಗೆ ದುಡಿಯಲು ಹೋದ ಮಗನೊಡನೆ ನೀನೇ ಮಾತನಾಡು ಎಂದಿತು. ರೈತನು ಯಾವುದನ್ನು ಆರಿಸಿಕೊಂಡನೆಂಬುದನ್ನು ಹೇಳಬೇಕಾಗಿಲ್ಲ.

ಆದರೂ ಇದನ್ನು ಬರಿಯ ಸೋಲೆಂದು ಮುಚ್ಚಿಡಲಾಗದು. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು ೬೭ ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ದಾಖಲೆಗಳು ಗಣಕಕ್ಕೆ ಸೇರಿದವು. ನಮ್ಮ ಕಡೆಯವರು ಉತಾರವೆಂದು ಕರೆಯುವ ಪಹಣಿಯ ಪ್ರತಿಯು ತಾಲೂಕು ಕಚೇರಿಯ ಕಿಟಕಿಯಲ್ಲಿ ಸಿಕ್ಕುವಂತಾಯಿತು. ಭೂದಾಖಲೆಗಳ ಮಾಹಿತಿಯನ್ನು ಕಲೆಹಾಕುವ ಕೆಲಸದಲ್ಲಿ ರಾಜ್ಯವು ಸಿಂಪ್ಯೂಟರನ್ನೂ ಬಳಸಿತು. ಧ್ವನಿ ತಂತ್ರಾಂಶವನ್ನು ಮುಕ್ತ ಪರವಾನಗಿಯಡಿಯಲ್ಲಿ ಮುಂದೆ ಸ್ವಯಂಸೇವಕರು ಇನ್ನೂ ಹಲವು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು. ಮುಟ್ಟುವ ಪರದೆ, ವಾಲುವಿಕೆಯ ಅರಿವು, ಕನ್ನಡದಲ್ಲಿ ಓದಿ ಹೇಳುವ ಸ್ವರ ಇವೆಲ್ಲ ಇಂದು ಸಾಮಾನ್ಯ ಫೋನಿನಲ್ಲಿವೆ. ಸಿಂಪ್ಯೂಟರಿನಲ್ಲಿದ್ದು ಇಂದಿನ ಫೋನಿಗೆ ಬಾರದೆ ಹೋದುದು ಒಂದೇ: ಯಂತ್ರವನ್ನು ಊರಿನದಾಗಿ ಮಾಡುವ ಆ ಕಾರ್ಡಿನ ಸೀಳುಕಂಡಿ. ಶಾಲೆಗಳು ಮುಚ್ಚಿದ್ದ ೨೦೨೦ರ ಸಾಂಕ್ರಾಮಿಕದ ದಿನಗಳಲ್ಲಿ, ಮನೆಗೊಂದೇ ಫೋನಿದ್ದು ಅದನ್ನು ತಂದೆಯು ಕೆಲಸಕ್ಕೆ ಒಯ್ದಾಗ ಪಾಠವಿಲ್ಲದೆ ಕುಳಿತ ಮಕ್ಕಳನ್ನು ಕಂಡವರಿಗೆ, ಟ್ರಸ್ಟಿನವರು ೧೯೯೯ರಲ್ಲಿ ಕೈಗೆತ್ತಿಕೊಂಡ ಪ್ರಶ್ನೆಯು ಇನ್ನೂ ಉತ್ತರವನ್ನು ಕಾಯುತ್ತಿದೆಯೆಂಬುದು ತಿಳಿದೀತು. ಸೋತದ್ದು ಸರಕು, ಪ್ರಶ್ನೆಯಲ್ಲ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳು ಹೊರಡುತ್ತವೆ. ಸಿಂಪ್ಯೂಟರು ಓರೆಯಾಟದಲ್ಲಿ ಜಗತ್ತಿಗೆ ಮೊದಲನೆಯದಲ್ಲ. ಆದರೆ ಆಟದ ಅಂಗವನ್ನು ನಿತ್ಯದ ಉಪಯೋಗಕ್ಕೆ ತಂದ ಮುಂಚಿನವುಗಳಲ್ಲೊಂದು. ಅದು ಮಾರುಕಟ್ಟೆಯಲ್ಲಿ ಸೋತಿತು. ಆದರೆ ಒಂದು ಯಂತ್ರವನ್ನು ಹಲವರು ಮರ್ಯಾದೆಯಿಂದ ಹಂಚಿಕೊಳ್ಳುವ ಬಗೆಯನ್ನು ಯಂತ್ರದ ರಚನೆಯಲ್ಲಿಯೇ ಬರೆದಿಟ್ಟಿತು. ಅದರ ಅಂಗಾಂಗಗಳನ್ನು ನೋಡದೆ ಈ ಎರಡು ನಿರ್ಣಯಗಳಿಗೂ ಬರುವಂತಿರಲಿಲ್ಲ.

ಇಲ್ಲಿಯೇ ನಮ್ಮ ಆತಂಕವೂ ಇದೆ. ಕಲ್ಲಿನ ಶಾಸನವು ಸಾವಿರ ವರ್ಷ ಮಳೆಯಲ್ಲಿ ನೆನೆದರೂ ಓದಲು ಬರುತ್ತದೆ. ಲಿಥಿಯಂ ಬ್ಯಾಟರಿಯು ಇಪ್ಪತ್ತು ವರ್ಷಗಳೊಳಗೆ ಉಬ್ಬಿ ಪೆಟ್ಟಿಗೆಯನ್ನು ಒಡೆಯುತ್ತದೆ. ಪೆನ್ಸಿಲ್ ಸೆಲ್ಲು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಪರದೆಯ ಧ್ರುವಕ ಹಾಳೆಯು ಹಳದಿಯಾಗುತ್ತದೆ. ಸ್ಮೃತಿಯ ಕೋಶಗಳಲ್ಲಿ ತುಂಬಿಟ್ಟ ವಿದ್ಯುತ್ತು ಮೆಲ್ಲಗೆ ಇಂಗಿಹೋಗಿ ತಂತ್ರಾಂಶವೇ ಅಳಿಯುತ್ತದೆ. ನಮ್ಮ ಧಾರವಾಡದಲ್ಲಿ ೧೯೩೯ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಆರಂಭವಾದಾಗ ಹಿರಿಯರು ಹೊಲಗದ್ದೆಗಳಲ್ಲಿ ಬಿದ್ದ ಕಲ್ಲುಗಳನ್ನೂ ಅಟ್ಟದ ಮೇಲಿನ ತಾಡವೋಲೆಗಳನ್ನೂ ಅಳಿವಿನಿಂದ ಕಾಪಾಡಲು ಮುಂದಾದರು. ಅದೇ ಎಚ್ಚರವನ್ನು ಈ ಹೊಸ ಸಾಮಗ್ರಿಗೂ ತೋರುವುದು ಈ ಪೀಳಿಗೆಯ ಕರ್ತವ್ಯ. ಓದುಗರ ಮನೆಯ ಅಟ್ಟದಲ್ಲಿಯೋ ಮೇಜಿನ ಸೆಳೆಖಾನೆಯಲ್ಲಿಯೋ ಕೆಟ್ಟುಹೋದ ಸಿಂಪ್ಯೂಟರು, ಬ್ರಿಕ್ ಗೇಮು, ಮೊದಲ ತಲೆಮಾರಿನ ಫೋನು ಇದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಬೇಕೆಂದು ಬಿನ್ನವಿಸುತ್ತೇವೆ. ಸೆಲ್ಲುಗಳನ್ನು ತೆಗೆದು, ಒಣಗಿದ ಜಾಗದಲ್ಲಿ ಕಾಗದ ಸುತ್ತಿ ಇಟ್ಟರೆ ಬಹುಮಟ್ಟಿಗೆ ಸಾಕು. ಜೊತೆಗೆ ಅದನ್ನು ಯಾರು ಕೊಂಡರು, ಎಷ್ಟು ಕೊಟ್ಟರು, ಯಾರಾರು ಹಂಚಿಕೊಂಡು ಬಳಸಿದರು ಎಂಬ ನಾಲ್ಕು ಸಾಲುಗಳನ್ನು ಬರೆದಿಟ್ಟರೆ ಮುಂದಿನ ಅಭ್ಯಾಸಿಗೆ ಅದು ಶಾಸನದಷ್ಟೇ ಬೆಲೆಯುಳ್ಳದ್ದಾಗುತ್ತದೆ.